ಎತ್ತಿನ ಕೋಡಣಸು, ಇಂಗ್ಲಿಷ್ ಪೈಪು

ಮೊದಲು ಒಂದು ಪೇಡೆ ಬಾಯಿಗೆ ಹಾಕಿಕೊಳ್ಳಿರಿ, ಆಮೇಲೆ ಓದಿರಿ. ಬಾಯಿ ಸಿಹಿ ಮಾಡಿಕೊಳ್ಳದವರಿಗೆ ನಾನು ಏನೂ ಹೇಳುವವಳಲ್ಲ. ನಮ್ಮ ಸಣ್ಣ ಮಗನಿಗೆ ಹೆಣ್ಣು ಮಗು ಹುಟ್ಟಿದೆ! ಬಹಳ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ದಾಂಡೇಲಿಯ ನಮ್ಮ ಓಣಿಯಲ್ಲಿ ಈ ಸುದ್ದಿ ತಿಳಿಯದ ನಾಯಿ ಕೂಡ ಉಳಿದಿಲ್ಲ. ಹಾಲಿನವನಿಗೆ ನಿನ್ನೆ ಹೇಳಿದ್ದೆ, ಇವತ್ತು ಮತ್ತೆ ಹೇಳಿದೆ. "ಅಜ್ಜೀ, ನಿನ್ನೇನ ಹೇಳಿ ಪೇಡೆ ಕೊಟ್ಟೀರಲ್ಲ" ಅಂದ. "ಹಂಗಾದ್ರ ಇವತ್ತ ಇನ್ನೊಂದ ತಿನ್ನು, ಹಾಲಿಗೆ ನೀರ ಹಾಕೋದಂತೂ ಬಿಡೂದಿಲ್ಲ ನೀ" ಅಂದೆ. ಅವನು ನಕ್ಕು ಎರಡು ತೆಗೆದುಕೊಂಡ.

ನಾನು ಕಲಿತದ್ದು ಎರಡನೆಯ ಇಯತ್ತೆ. ಶಾಲೆ ಬಿಟ್ಟಾಗ ನನಗೇನೂ ದುಃಖವಾಗಲಿಲ್ಲ. ಮಾಸ್ತರರಿಗಂತೂ ಹಬ್ಬವಾಗಿರಬೇಕು. ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ನನಗೂ ಅವರಿಗೂ ಕಡೆತನಕ ಬಗೆಹರಿಯಲಿಲ್ಲ. ಆದರೂ ಬರೆಯುತ್ತೇನೆ. ಹೊಟ್ಟೆಯಲ್ಲಿ ಇಷ್ಟು ಸಂತೋಷ ತುಂಬಿಕೊಂಡಾಗ ಸುಮ್ಮನೆ ಕೂತರೆ ಅಜೀರ್ಣವಾಗುತ್ತದೆ.

ಬರೆಯಲಿಕ್ಕೆ ಕಾರಣ ತೊಟ್ಟಿಲು. ಕೂಸಿಗೆ ತೊಟ್ಟಿಲು ಕಟ್ಟಬೇಕಲ್ಲ, ನನ್ನ ಮಕ್ಕಳೆಲ್ಲ ಮಲಗಿ ಬೆಳೆದ ಸಾಗವಾನಿ ತೊಟ್ಟಿಲು ಅಟ್ಟದ ಮೇಲಿತ್ತು. ಮಗ ಏಣಿ ಹತ್ತಿ ಅದನ್ನು ಇಳಿಸುತ್ತಿದ್ದ. ನಾನು ಕೆಳಗೆ ನಿಂತು, "ಹಗೂರಕ, ಹಗೂರಕ" ಅನ್ನುತ್ತಿದ್ದೆ. ಅಷ್ಟರಲ್ಲಿ ತೊಟ್ಟಿಲಿನಿಂದ ಏನೋ ಉರುಳಿ ಬಂದು ಟಣ್ಣನೆ ನನ್ನ ನೆತ್ತಿಗೆ ಬಡಿಯಿತು. ನೋಡಿದರೆ ಹೆಬ್ಬೆರಳಷ್ಟುದ್ದದ ಹಿತ್ತಾಳೆಯ ಕೊಳವೆ, ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ. ಹೊರಗೆ ಹಸಿರುಗಟ್ಟಿತ್ತು, ಒಳಗೆ ಕರ್ರಗೆ ಡಾಂಬರು ಬಳಿದ ಹಾಗಿತ್ತು.

"ಏನಬೇ ಇದು?" ಅಂದ ಮಗ. ಅವನು ಮಿಲ್ಲಿನಲ್ಲಿ ಪೈಪು ಜೋಡಿಸುವವರ ಜೊತೆ ಕೆಲಸ ಮಾಡುವವನು. ತಿರುಗಿಸಿ ನೋಡಿ, "ಅಡಾಪ್ಟರ್ ಇದ್ದಂಗೈತಿ. ದೊಡ್ಡ ಪೈಪಿಗೂ ಸಣ್ಣ ಪೈಪಿಗೂ ಗಂಟ ಹಾಕೋ ಅಡಾಪ್ಟರ್" ಅಂದ.

"ಹೌದಪಾ, ಅದ ಗಂಟ ಹಾಕಿದ್ದಕ್ಕ ನೀ ಹುಟ್ಟಿದಿ" ಅಂದೆ.

ಅವನು ಏಣಿಯ ಮೇಲೆಯೇ ನಿಂತು ನನ್ನನ್ನು ನೋಡಿದ. ನೆತ್ತಿಗೆ ಪೆಟ್ಟು ಜೋರಾಗಿ ಬಿದ್ದಿದೆ ಅಂದುಕೊಂಡಿರಬೇಕು. ಬಡಿದದ್ದು ನಿಜ. ಆದರೆ ನೆನಪಾದದ್ದೂ ನಿಜ. ಅದು ನಮ್ಮ ಮುತ್ಯಾನ ಎತ್ತು ಮಲ್ಲನ ಕೋಡಣಸು.

ಕೋಡಣಸು ಅಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಎತ್ತಿನ ಕೋಡಿನ ತುದಿಗೆ ಹಾಕುವ ಹಿತ್ತಾಳೆಯ ಟೊಪ್ಪಿಗೆ. ನನ್ನ ತವರುಮನೆ ಮುಂಡಗೋಡದ ಹತ್ತಿರ ಇಂದೂರು. ಆ ಊರಿನಲ್ಲಿ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹೆಂಡತಿಗೆ ಏನು ಮಾಡಿಸಿದ್ದನೋ ಕಾಣೆ, ಎತ್ತಿಗೆ ಮಾತ್ರ ಕೋಡಣಸು ಮಾಡಿಸಿದ್ದ. ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಅವತ್ತು ತಾನೇ ಕೂತು ಹುಣಸೆಹಣ್ಣು ಹಚ್ಚಿ ಅವನ್ನು ತಿಕ್ಕುತ್ತಿದ್ದ. ಬೇರೆಯವರು ಮುಟ್ಟುವ ಹಾಗಿರಲಿಲ್ಲ. ನಮ್ಮ ಆಯಿ, ಮುತ್ಯಾನ ಹೆಂಡತಿ, ಒಲೆಯ ಮುಂದಿನಿಂದ, "ಸವತಿಗೆ ಮೂಗುತಿ ತಿಕ್ಕೋದ ಮುಗೀತೇನ್ರಿ?" ಅಂತ ಕೂಗುವಳು. ಮುತ್ಯಾ ಕಿವಿ ಕೇಳದವನ ಹಾಗೆ ತಿಕ್ಕುವನು.

ಮುತ್ಯಾನಿಗೆ ಎತ್ತು ಬಿಟ್ಟರೆ ಚಿಲುಮಿ. ಮಣ್ಣಿನ ಚಿಲುಮಿ, ಅದರೊಳಗೆ ಕೆಂಡ ಬಾಯಿಗೆ ಬಾರದ ಹಾಗೆ ಒಂದು ಸಣ್ಣ ಕಲ್ಲು, ಕೆಳಗಿನ ತುದಿಗೆ ಸುತ್ತಲಿಕ್ಕೆ ಛಾಪಿ ಅನ್ನುವ ಒದ್ದೆ ಅರಿವೆ. ಆ ಕಲ್ಲು ಆರಿಸಿ ತರುವ ಕೆಲಸ ನನ್ನದು. ಹಳ್ಳದಲ್ಲಿ ಮೊಣಕಾಲುದ್ದ ನೀರಿಗಿಳಿದು ಉಡಿಯ ತುಂಬ ಕಲ್ಲು ತರುತ್ತಿದ್ದೆ. ಮುತ್ಯಾ ಮುತ್ತಿನ ವ್ಯಾಪಾರಿಯ ಹಾಗೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, "ಇದು ದುಂಡಗೈತಿ, ಇದು ಚಪ್ಪಟಿ, ಇದು ನಿನ್ನ ಮೂಗಿನಂಗ ಐತಿ" ಅಂತ ತೆಗೆದು ಹಾಕುತ್ತಿದ್ದ. ಸೇದುವಾಗ ಚಿಲುಮಿಯನ್ನು ಮುಷ್ಟಿಯಲ್ಲಿ ಹಿಡಿದು ಮುಷ್ಟಿಗೆ ಬಾಯಿ ಹಚ್ಚುವುದು. ಚಿಲುಮಿಗೆ ತುಟಿ ತಾಗುವುದಿಲ್ಲ, ಎಂಜಲಾಗುವುದಿಲ್ಲ. ಹೀಗಾಗಿ ಒಂದೇ ಚಿಲುಮಿ ಊರೆಲ್ಲ ಸುತ್ತಿ ಬಂದರೂ ಯಾರೂ ಬೇಡ ಅನ್ನುತ್ತಿರಲಿಲ್ಲ.

ಮುತ್ಯಾನದೇ ಒಂದು ಕಾನೂನು ಇತ್ತು. ಯಾವ ಮಾತನ್ನೂ ಅವನು ಎದುರಿನವನ ಜೊತೆ ಒಂದು ಚಿಲುಮಿ ಕೂಡಿ ಸೇದದ ಹೊರತು ಪಕ್ಕಾ ಮಾಡುತ್ತಿರಲಿಲ್ಲ. ಹೊಲದ ನೀರಿನ ಜಗಳವಿರಲಿ, ಎತ್ತಿನ ವ್ಯಾಪಾರವಿರಲಿ, ನಮ್ಮ ಅಪ್ಪನ ಲಗ್ನವಿರಲಿ, ಮೊದಲು ಚಿಲುಮಿ, ಆಮೇಲೆ ಮಾತು. ಒಮ್ಮೆ ಚಿಲುಮಿ ಒಲ್ಲೆ ಅಂದವನಿಂದ ಮನಸ್ಸಿಲ್ಲದೆ ಒಂದು ಎತ್ತು ಕೊಂಡು ತಂದಿದ್ದನಂತೆ. ಅದು ನೊಗ ಕಂಡ ಕೂಡಲೇ ಮಲಗಿಬಿಡುತ್ತಿತ್ತಂತೆ. ಅಂದಿನಿಂದ ಕಾನೂನು ಇನ್ನೂ ಬಿಗಿಯಾಯಿತು.

ಇಂಥ ಮನೆಗೆ ನನ್ನನ್ನು ನೋಡಲಿಕ್ಕೆ ಹಳಿಯಾಳದ ಬೀಗರು ಬಂದರು.

ಅದು ದೊಡ್ಡ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರುಗಳು ಹಿಂದೆ ಒಂದು ಪೀಪಾಯಿ ಕಟ್ಟಿಕೊಂಡು, ಅದರಲ್ಲಿ ಇದ್ದಿಲು ಸುಟ್ಟು ಅದರ ಹೊಗೆ ಕುಡಿದು ಓಡುತ್ತಿದ್ದವು. ಓಡುತ್ತಿದ್ದವು ಅಂದರೆ ಇಳಿಜಾರಿನಲ್ಲಿ. ಏರು ಬಂದರೆ ಒಳಗಿನವರು ಇಳಿದು ನೂಕಬೇಕು. ಅಂಥ ಒಂದು ಮೋಟಾರಿನಲ್ಲಿ ಬಂದರು ರಾಚಪ್ಪ ಸಾವಕಾರರು, ಅವರ ಹೆಂಡತಿ, ಅವರ ಮಗ. ಸಾವಕಾರರದು ದಾಂಡೇಲಿ ಕಾಡಿನ ಕಟ್ಟಿಗೆಯ ವ್ಯಾಪಾರ. ಮೋಟಾರು ಹೊಡೆದವನು ಹಸನಸಾಬ. ಎರಡೂ ಮನೆಗೆ ಬೇಕಾದವನು, ಸಂಬಂಧದ ಮಾತು ಎತ್ತಿದವನೂ ಅವನೇ.

ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಹುಡುಗ ಮೋಟಾರು ನೂಕಿ ನೂಕಿ ಮುಖವೆಲ್ಲ ಇದ್ದಿಲು ಮಾಡಿಕೊಂಡಿದ್ದ. ಒಂದು ಕಡೆ ಮೀಸೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಅದು ಹುಟ್ಟಿದ ಮೀಸೆಯೋ ಮೆತ್ತಿದ ಮೀಸೆಯೋ ತಿಳಿಯಲಿಲ್ಲ. ಹಸನಸಾಬ ಏನೋ ಅಂದ. ಹುಡುಗ ನಾಚಿ ಕರವಸ್ತ್ರದಿಂದ ಒರೆಸಿಕೊಂಡ. ಈ ಕಡೆಯದು ಹೋಗಿ ಆ ಕಡೆ ಬಂತು. ಏನು ಹೇಳಲಿ, ನನ್ನ ಮನಸ್ಸು ಅಲ್ಲೇ ಆಯಿತು. ಇವನನ್ನು ಬಿಟ್ಟು ಬೇರೆಯವನ ಮುಂದೆ ತಲೆ ಬಗ್ಗಿಸಿ ಕೂರಲಾರೆ ಅನ್ನಿಸಿತು. ಆಗಿನ ಕಾಲದಲ್ಲಿ ಹುಡುಗಿಗೆ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ನಾನೂ ಹೇಳುತ್ತಿರಲಿಲ್ಲ. ಮುತ್ಯಾ ಹೂಂ ಅಂದರೆ ಹೂಂ, ಇಲ್ಲ ಅಂದರೆ ಮೋಟಾರು ಬಂದ ದಾರಿಗೆ ಹೋಗುವುದು, ಅಷ್ಟೇ.

ನಮ್ಮ ಮನೆ ಒಕ್ಕಲಿಗರ ಮನೆ. ಪಡಸಾಲೆಯ ಮುಂದೆಯೇ ದನದ ಗ್ವಾದಲಿ. ಮೇಲೆ ಕಂಬಳಿಯ ಮೇಲೆ ಬೀಗರು, ಕೆಳಗೆ ಮೇವು ತಿನ್ನುತ್ತ ಮಲ್ಲ. ಅವನೂ ಮನೆಯ ಹಿರಿಯನ ಹಾಗೆ ಮಾತು ಕೇಳುತ್ತ ನಿಂತಿದ್ದ. ಮುತ್ಯಾ ಚಿಲುಮಿ ತುಂಬಿ, ಛಾಪಿ ತೋಯಿಸಿ ಹಿಂಡಿ, ಸುತ್ತಿ ಮುಂದೆ ಹಿಡಿದ.

"ತಗೋರಿ ಸಾವಕಾರ್ರ. ಮೊದಲ ನೀವು."

ರಾಚಪ್ಪನವರು ಕೈಮುಗಿದರು. "ತಪ್ಪ ತಿಳಕೋಬ್ಯಾಡ್ರಿ ಯಜಮಾನ್ರ. ನಾ ಚಿಲುಮಿ ಬಿಟ್ಟೀನಿ."

"ತಂಬಾಕ ಬಿಟ್ಟೀರಿ?"

"ತಂಬಾಕ ಬಿಟ್ಟಿಲ್ಲ. ಚಿಲುಮಿ ಬಿಟ್ಟೀನಿ" ಅಂದವರೇ ಕೋಟಿನ ಕಿಸೆಯಿಂದ ಡೊಂಕು ಪೈಪೊಂದನ್ನು ತೆಗೆದರು. ಕಟ್ಟಿಗೆಯ ಬಟ್ಟಲು, ಕಪ್ಪು ನಳಿಗೆ. ಕಾಡಿನ ಇಲಾಖೆಯ ದೊರೆಯೊಬ್ಬ ವಿಲಾಯತಿಗೆ ಹೋಗುವಾಗ ಪ್ರೀತಿಯಿಂದ ಕೊಟ್ಟದ್ದಂತೆ.

ಮುತ್ಯಾ ನೋಡಿದ. "ಇದೇನ್ರಿ? ಹಾವ ಆಡಸ್ತೀರೇನು?"

"ಇದರ ಹೊಟ್ಟ್ಯಾಗ ನೋಡ್ರಿ" ಅಂತ ಸಾವಕಾರರು ನಳಿಗೆ ಎಳೆದು ತೆಗೆದರು. ಒಳಗೆ ಕಾಗದದ ಒಂದು ಬಿಳೀ ಸುರುಳಿ ಇತ್ತು. "ಇದಕ್ಕ ಫಿಲ್ಟರ್ ಅಂತಾರ. ಹೊಗಿಯೊಳಗಿನ ಹೊಲಸೆಲ್ಲಾ ಇದು ಹಿಡಕೋತೈತಿ. ದೊರಿ ಒಂದ ಡಬ್ಬಿ ಕೊಟ್ಟಿದ್ದ. ಯುದ್ಧ ಸುರು ಆದ ಮ್ಯಾಲ ಎಲ್ಲೂ ಸಿಗವಲ್ವು. ಇದು ಕಡೀದು. ನಿಮ್ಮ ಮನಿಗೆ ಬರತೇನಿ ಅಂತ ಇವತ್ತ ಹಾಕೀನಿ."

"ಅಂದ್ರ ನೀವು ಹೊಗಿ ಸೋಸಿ ಸೇದತೀರಿ."

"ಹೌದ್ರಿ."

"ನಾಳೆ ಗಾಳೀನೂ ಸೋಸಿ ಉಸರಾಡತೀರೇನು?"

ಕಟ್ಟೆಯ ಮೇಲಿದ್ದ ಹಸನಸಾಬ ನಡುವೆ ಬಾಯಿ ಹಾಕಿದ. "ಅರೇ ಅಜ್ಜಾರ, ನನ್ನ ಮೋಟಾರನೂ ಹೊಗಿ ಸೋಸೇ ಕುಡೀತೈತ್ರಿ. ಸೋಸದಿದ್ರ ಕೆಮ್ಮತೈತಿ."

"ನಿನ್ನ ಮೋಟಾರ ಸೋಸಿ ಕುಡದೂ ಕೆಮ್ಮತೈತಿ. ಬೀಗರ ಮಾರಿ ನೋಡಿದ್ರ ಗೊತ್ತಾಗತೈತಲ್ಲೋ, ನೂಕಿದವರು ಯಾರಂತ."

ಎಲ್ಲರೂ ನಕ್ಕರು. ರಾಚಪ್ಪನವರೂ ನಕ್ಕು, "ಯಜಮಾನ್ರ, ನಿಮ್ಮ ಛಾಪಿ ಏನ ಮಾಡತೈತ್ರಿ? ಅದೂ ಸೋಸೋದ ಅಲ್ಲೇನು?" ಅಂದರು.

ಮುತ್ಯಾ ನಗುವುದು ಬಿಟ್ಟ. "ಸೋಸಾಕಲ್ರಿ ಅದು. ನೀವು ಸೇದಿದ್ದ ನಾ ಸೇದಬೇಕು, ನಾ ಸೇದಿದ್ದ ನೀವು ಸೇದಬೇಕು. ಎಂಜಲ ಆಗಬಾರದು, ಅದಕ್ಕ ಅರಿವಿ. ನಿಮ್ಮದು ಹಲ್ಲಾಗ ಕಚ್ಚಿ ಹಿಡಿಯೋದು. ಅದನ್ನ ಇನ್ನೊಬ್ಬರ ಕೈಯಾಗ ಹೆಂಗ ಕೊಡತೀರಿ?"

ಸಾವಕಾರರು ನಳಿಗೆ ಮತ್ತೆ ಸಿಕ್ಕಿಸಿ ಪೈಪನ್ನು ಕಂಬಳಿಯ ಮೇಲಿಟ್ಟರು. ಮುತ್ಯಾ ಚಿಲುಮಿಯನ್ನು ಹಚ್ಚದೆಯೇ ಗೋಡೆಯ ಮೂಲೆಗೆ ಇಟ್ಟ. "ಏಳ್ರಿ, ಊಟ ಮಾಡ್ರಿ. ಊಟ ಆದಮ್ಯಾಲ ನೋಡೂಣು."

ಮುತ್ಯಾನ "ನೋಡೂಣು" ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನು ಇಲ್ಲ ಅನ್ನುತ್ತಿರಲಿಲ್ಲ, ನೋಡೂಣು ಅನ್ನುತ್ತಿದ್ದ. ನನ್ನ ಕೈಯಲ್ಲಿದ್ದ ಹೋಳಿಗೆಯ ಬುಟ್ಟಿ ಭಾರವಾಯಿತು. ನೀಡಲಿಕ್ಕೆ ಹೋದಾಗ ಹುಡುಗನ ತಾಟಿಗೆ ಒಂದು ಹೋಳಿಗೆ ಹೆಚ್ಚು ಹಾಕಿದೆ. ಹೋಗಲಿ, ಹೋಗುವಾಗ ಮತ್ತೆ ಮೋಟಾರು ನೂಕಬೇಕು, ಶಕ್ತಿ ಇರಲಿ ಅಂತ.

ಇಲ್ಲೇ ನೋಡಿರಿ ನಮ್ಮ ಆಯಿ ಬಂದಳು. ಮಣ್ಣಿನ ಚಿಲುಮಿಯನ್ನು ನೀರಿನಲ್ಲಿ ತೊಳೆದರೆ ಒಳಗಿನ ಜಿಡ್ಡು ಹೋಗುವುದಿಲ್ಲ. ಒಲೆಯ ಕೆಂಡದಲ್ಲಿ ಹುಗಿದಿಟ್ಟರೆ ಜಿಡ್ಡೆಲ್ಲ ಸುಟ್ಟು ಚಿಲುಮಿ ಹೊಸದರ ಹಾಗೆ ಕೆಂಪಾಗಿ ಬರುತ್ತದೆ. ಮುತ್ಯಾನ ಚಿಲುಮಿಯನ್ನು ಆಯಿ ಹೀಗೆಯೇ ಶುದ್ಧ ಮಾಡುತ್ತಿದ್ದಳು. ಅವತ್ತು ಗಂಡಸರೆಲ್ಲ ಊಟಕ್ಕೆ ಕೂತಾಗ ಪಡಸಾಲೆಯಲ್ಲಿ ಬೀಗರ ಪೈಪು ಕಂಡಿತು. ಬಂದವರ ವಸ್ತು, ಇಷ್ಟು ಕಪ್ಪಾಗಿದೆಯಲ್ಲ ಪಾಪ ಅಂತ ಒಯ್ದಳು. ಕಟ್ಟಿಗೆಯದು ಅಂತ ಅವಳಿಗೆ ಹೊಳೆಯಲೇ ಇಲ್ಲ. ಕಟ್ಟಿಗೆಯಿಂದ ಚಿಲುಮಿ ಮಾಡುವ ಶಾಣ್ಯಾ ಈ ಲೋಕದಲ್ಲಿ ಇದ್ದಾನು ಅಂತ ಅವಳು ಎಣಿಸಿರಲಿಲ್ಲ. ನೀಟಾಗಿ ಕೆಂಡ ಸರಿಸಿ ಹುಗಿದಿಟ್ಟಳು.

ಎರಡನೆಯ ಸಲ ಅನ್ನ ನೀಡುವಾಗ ವಾಸನೆ ಬಂತು. ರಬ್ಬರು ಸುಟ್ಟ ವಾಸನೆ. ಹಸನಸಾಬ, "ಯಾ ಅಲ್ಲಾ, ನನ್ನ ಟಾಯರು!" ಅಂತ ಊಟ ಬಿಟ್ಟು ಎದ್ದು ಕಟ್ಟೆಯಿಂದ ಹಾರಿದ. ಮೋಟಾರಿನ ನಾಲ್ಕೂ ಗಾಲಿ ಮೂಸಿ ನೋಡಿ ಮರಳಿ ಬಂದ. "ಟಾಯರು ಛಲೋ ಅವ. ಮತ್ತೇನ ಸುಡಾಕತ್ತೈತ್ರಿ?"

ಆಯಿ ಇಕ್ಕಳದಲ್ಲಿ ಹಿಡಿದು ತಂದಳು. ಬಟ್ಟಲು ಅಂಚಿಗೆ ಸುಟ್ಟು ಕರಿಕಾಗಿತ್ತು. ನಳಿಗೆ ಪಡವಲಕಾಯಿಯ ಹಾಗೆ ಜೋತುಬಿದ್ದು ನಾವು ನೋಡುತ್ತಿದ್ದಂತೆಯೇ ಕಳಚಿ ನೆಲಕ್ಕೆ ಬಿತ್ತು. ಬಿಳೀ ಸುರುಳಿ ಬೂದಿಯಾಗಿ ಎಂದೋ ಹೋಗಿತ್ತು.

ಎಲ್ಲರೂ ತಾಟಿನಲ್ಲಿ ಅನ್ನ ಕಲಸುವುದು ಬಿಟ್ಟರು. ಮಲ್ಲ ಕೂಡ ಮೆಲುಕು ನಿಲ್ಲಿಸಿದ.

"ಇದನ್ನ ಒಲ್ಯಾಗ ಯಾರ ಹಾಕಿದ್ರು?" ಅಂದರು ರಾಚಪ್ಪನವರು. ಧ್ವನಿ ಏರಲಿಲ್ಲ, ಅದೇ ಅಂಜಿಕೆ.

ಆಯಿ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು. "ನಾನ್ರಿ. ನಮ್ಮ ಮನಿ ಹಿರ್ಯಾರ ಚಿಲುಮಿ ಹಿಂಗ ಶುದ್ಧ ಮಾಡತೇವ್ರಿ."

"ಬಂದವರದೂ ಒಲ್ಯಾಗ ಹಾಕತೀರೇನ್ರಿ?"

"ಇಲ್ರಿ. ಬಂದವರದು ಮುಟ್ಟೂದಿಲ್ಲ. ನೀವು ಮನಿಯವರಾಗತೀರಿ ಅಂತ ಹಾಕಿದೆ."

ಆ ಮಾತು ಕೇಳಿ ರಾಚಪ್ಪನವರು ಸುಟ್ಟ ಬಟ್ಟಲನ್ನು ಒಂದು ಸಲ ನೋಡಿದರು, ಆಯಿಯನ್ನು ಒಂದು ಸಲ ನೋಡಿದರು. ಆಮೇಲೆ ಎದ್ದು ಕೈತೊಳೆದುಕೊಂಡು ನೇರವಾಗಿ ಪಡಸಾಲೆಯ ಮೂಲೆಗೆ ಹೋದರು. "ಹಂಗಾದ್ರ ನಾವೂ ಮನಿಯವರಂಗ ಇರಬೇಕಲ್ರಿ ಯಜಮಾನ್ರ. ತರ್ರಿ ಆ ಚಿಲುಮಿ" ಅಂತ ಕೈ ಚಾಚಿದರು.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಕೆಮ್ಮಿದರು. ಬರೇ ಒಂದು ಕೆಮ್ಮು. ಸಾವಕಾರರ ಕೈ ಗಾಳಿಯಲ್ಲೇ ನಿಂತಿತು.

"ಏನಾತ್ರಿ?" ಅಂದ ಮುತ್ಯಾ.

ಸಾವಕಾರರು ತಲೆ ಕೆರೆದುಕೊಂಡರು. ಅವರಿಗೆ ಹಿಂದೊಮ್ಮೆ ಎದೆ ಬೇನೆಯಾಗಿ ಬಹಳ ಕಷ್ಟವಾಗಿತ್ತಂತೆ. ಡಾಕ್ಟರು ತಂಬಾಕು ಬಿಡಿರಿ ಅಂದರೆ ಇವರು ಬಿಡಲಾರೆ ಅಂದರಂತೆ. ಕಡೆಗೆ ಹೆಂಡತಿ ಇವರಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡರಂತೆ, ಸೋಸದ ಹೊಗೆ ಬಾಯಿಗೆ ಹಚ್ಚುವುದಿಲ್ಲ ಅಂತ.

"ಇದನ್ನ ಮೊದಲ ಹೇಳಬಾರದೇನ್ರಿ?" ಅಂದ ಮುತ್ಯಾ.

"ಹೆಂಡ್ತಿಗೆ ಅಂಜತೇನಿ ಅಂತ ಮೊದಲನೇ ದಿವಸ ಬೀಗರ ಮುಂದ ಹೆಂಗ ಹೇಳಾಕ ಬರತೈತ್ರಿ?"

ಮುತ್ಯಾ ತನ್ನ ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿ, ದನಿ ಇಳಿಸಿ, "ಅದರಾಗೇನ ಐತ್ರಿ" ಅಂದ. ಆ ಕ್ಷಣಕ್ಕೆ ಅವರಿಬ್ಬರ ನಡುವೆ ಅರ್ಧ ಬೀಗತನ ಆಗಿಯೇ ಹೋಯಿತು ಅಂತ ನನಗೆ ಈಗ ಅನ್ನಿಸುತ್ತದೆ. ಇನ್ನರ್ಧಕ್ಕೆ ಮಾತ್ರ ದಾರಿ ಇರಲಿಲ್ಲ. ಮುತ್ಯಾ ಕಾನೂನು ಬಿಡುವವನಲ್ಲ, ಸಾವಕಾರರು ಆಣೆ ಮುರಿಯುವವರಲ್ಲ. ಪೈಪಿಗೆ ನಳಿಗೆ ಇಲ್ಲ, ಸೋಸಲಿಕ್ಕೆ ಸುರುಳಿ ಇಲ್ಲ. ಒಳಗೆ ನಾನು, ಹೊರಗೆ ಆ ಅರ್ಧ ಮೀಸೆಯ ಹುಡುಗ, ಇಬ್ಬರೂ ಬಾಯಿ ಬಿಡುವ ಹಾಗಿಲ್ಲ.

ಹಸನಸಾಬ ಸುಟ್ಟ ಬಟ್ಟಲನ್ನು ಎತ್ತಿ ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿದ. "ಎಂಜಿನ್ ಛಲೋ ಐತಿ. ಪೈಪ ಹೋಗೈತಿ, ಫಿಲ್ಟರ್ ಹೋಗೈತಿ. ನನ್ನ ಗಾಡೀದೂ ದಿನಾ ಇದ ರೋಗ. ತಡೀರಿ, ನೋಡೂಣು."

"ನೋಡೂಣು ಅನಬ್ಯಾಡೋ ಮಾರಾಯಾ" ಅಂದ ನಮ್ಮ ಅಪ್ಪ.

ನಳಿಗೆಗೆ ಹಿತ್ತಿಲಿನಿಂದ ಬಿದಿರಿನ ಒಂದು ಕೊಳವೆ ಬಂತು. ಫಿಲ್ಟರಿಗೆ ಏನು? ಹಸನಸಾಬ ಮೊದಲು ತನ್ನ ಮೋಟಾರಿನ ಫಿಲ್ಟರಿನ ತೆಂಗಿನ ನಾರು ತರುತ್ತೇನೆ ಅಂದ. ಅದರ ಬಣ್ಣ ನೋಡಿ ಸಾವಕಾರರು, "ಅದಕ್ಕಿಂತ ಆಣಿ ಮುರಿಯೋದ ಛಲೋ" ಅಂದರು. ಜೋಳದ ದಂಟಿನ ಬೆಂಡು ಆದೀತೇನು ಅಂದ ಅಪ್ಪ. ಬಿಳೀ ಬೆಂಡು, ಹತ್ತಿಗಿಂತ ಹಗುರ, ನೀರು ಕುಡಿಯುತ್ತದೆ. ಚಿಕ್ಕವರಿದ್ದಾಗ ನಾವು ಅದರಿಂದ ಗಾಡಿ ಮಾಡುತ್ತಿದ್ದೆವು, ಕನ್ನಡಕ ಮಾಡುತ್ತಿದ್ದೆವು. ಅಂಥ ಕನ್ನಡಕ ಹಾಕಿಕೊಂಡೇ ನಾನು ಎರಡನೆಯ ಇಯತ್ತೆಯವರೆಗೆ ಓದಿದ್ದು. ಅದಕ್ಕೇ ಏನೂ ಕಾಣಿಸಲಿಲ್ಲ.

ದಂಟು ತರಲಿಕ್ಕೆ ಹುಡುಗನನ್ನು ಬಣವೆಗೆ ಕಳಿಸಿದರು. ನಾನು ಆಗಲೇ ಮಲ್ಲನಿಗೆ ಮೇವು ತರುವ ನೆಪದಿಂದ ಬಣವೆಯ ಹಿಂದೆ ಹೋಗಿದ್ದೆ. ಮಲ್ಲನ ಮುಂದೆ ಮೇವು ಬೇಕಾದಷ್ಟಿತ್ತು, ಆ ಮಾತು ಬೇರೆ. ಹುಡುಗ ಕಟ್ಟಿಗೆಯ ವ್ಯಾಪಾರಿಯ ಮಗ, ಸಾಗವಾನಿ ಗೊತ್ತು, ಜೋಳ ಗೊತ್ತಿಲ್ಲ. ಎಲ್ಲಕ್ಕಿಂತ ದಪ್ಪನೆಯ ದಂಟು ಹಿಡಿದು ಎಳೆಯತೊಡಗಿದ.

"ಅದು ಹುಳ ಹಿಡದೈತ್ರಿ" ಅಂದೆ.

ಅವನು ಬೆಚ್ಚಿದ. ಬಣವೆಯೇ ಮಾತಾಡಿತು ಅಂದುಕೊಂಡನೋ ಏನೋ. ನಾನು ಸೆರಗಿನ ಮರೆಯಿಂದ ಬೇರೊಂದು ದಂಟು ತೋರಿಸಿದೆ. ಅವಸರದಲ್ಲಿ ಸಿಪ್ಪೆ ಸೀಳಲಿಕ್ಕೆ ಹೋಗಿ ಹೆಬ್ಬೆರಳು ಕೊಯ್ದುಕೊಂಡ. ಜೋಳದ ಸಿಪ್ಪೆ ಕತ್ತಿಗಿಂತ ಚೂಪು.

"ದಂಟ ಸೀಳಾಕ ಬರೂದಿಲ್ಲೇನ್ರಿ?"

"ಕಲಸಿದ್ರ ಕಲೀತೇನಿ" ಅಂದ, ಹೆಬ್ಬೆರಳು ಬಾಯಲ್ಲಿಟ್ಟುಕೊಂಡೇ.

ಲಗ್ನಕ್ಕೆ ಮೊದಲು ನಾವಿಬ್ಬರು ಆಡಿದ ಮಾತು ಇಷ್ಟೇ. ದಂಟು ಸೀಳುವುದನ್ನು ಅವರು ಇವತ್ತಿಗೂ ಕಲಿತಿಲ್ಲ.

ಬೆಂಡು ಬಂತು, ಬಿದಿರು ಬಂತು. ಆದರೆ ಬಿದಿರು ದಪ್ಪ, ಪೈಪಿನ ತೂತು ಸಣ್ಣದು. ಅರಿವೆ ಸುತ್ತಿದರು, ಸೋರಿತು. ಹಿಟ್ಟು ಮೆತ್ತಿದರು, ಉದುರಿತು. ಹಸನಸಾಬ ಕೈ ಒರೆಸಿಕೊಂಡು, "ನಡುವ ಒಂದ ಬುಶ್ ಬೇಕು. ಲೋಹದ್ದು. ಒಂದ ಕಡೆ ಅಗಲ, ಒಂದ ಕಡೆ ಸಣ್ಣ" ಅಂತ ಸುತ್ತಲೂ ಕಣ್ಣಾಡಿಸಿದ. ಅವನ ಕಣ್ಣು ಗ್ವಾದಲಿಯ ಕಡೆ ಹೋಗಿ ಅಲ್ಲೇ ನಿಂತಿತು. ಮಲ್ಲನ ಎರಡೂ ಕೋಡಣಸು ಬಿಸಿಲಿಗೆ ಬಂಗಾರದ ಹಾಗೆ ಮಿಂಚುತ್ತಿದ್ದವು.

"ಅತ್ತಲಾಗ ನೋಡಬ್ಯಾಡ" ಅಂದ ಮುತ್ಯಾ.

"ನೋಡಿಲ್ರಿ ಅಜ್ಜಾರ."

"ನೋಡೀದಿ. ನಾ ಕಂಡೇನಿ."

ಹಸನಸಾಬ ತಲೆ ತಗ್ಗಿಸಿದ. ಎಲ್ಲರೂ ತಗ್ಗಿಸಿದರು. ನಾನೊಬ್ಬಳೇ ಬಾಗಿಲಲ್ಲಿ ನಿಂತು ಮುತ್ಯಾನನ್ನು ನೋಡುತ್ತಿದ್ದೆ. ಮರೆಯಾಗಿ ನಿಲ್ಲಬೇಕು ಅನ್ನುವುದೂ ಮರೆತಿತ್ತು. ಮುತ್ಯಾ ತಲೆ ಎತ್ತಿದಾಗ ನಾನು ಎದುರಿಗೇ ಇದ್ದೆ. ಹಳ್ಳದ ಕಲ್ಲು ತಂದು ಸುರಿದು, ಯಾವುದನ್ನು ಆರಿಸುತ್ತಾನೋ ಅಂತ ಕಾಯುತ್ತಿದ್ದೆನಲ್ಲ, ಹಾಗೇ ನಿಂತಿದ್ದೆನಂತೆ. ಆಮೇಲೆ ಅವನೇ ಹೇಳಿದ್ದು.

ಮುತ್ಯಾ ಎದ್ದ. ಮಲ್ಲನ ಹತ್ತಿರ ಹೋಗಿ ಗಂಗೆದೊಗಲು ಸವರಿದ, ಕಿವಿಯಲ್ಲಿ ಏನೋ ಹೇಳಿದ. ಬಲಗೋಡಿನ ಅಣಸನ್ನು ತನ್ನ ಕೈಯಿಂದಲೇ ತಿರುವಿ ತಿರುವಿ ತೆಗೆದ. ಹಸನಸಾಬನ ಕೈಯಲ್ಲಿಡುತ್ತ, "ತುದಿ ಕತ್ತರಿಸೋ ಮುಂದ ಅದಕ್ಕ ಕಾಣದ್ಹಂಗ ಕತ್ತರಿಸು" ಅಂದ.

ಹಸನಸಾಬ ಮೋಟಾರಿನ ಆ ಕಡೆ ಕೂತು ಅರದಿಂದ ತಿಕ್ಕಿ ತುದಿ ಬಿಡಿಸಿದ. ಸಣ್ಣ ತುದಿ ಪೈಪಿನೊಳಗೆ ಹೊಕ್ಕಿತು, ಅಗಲ ಬಾಯಿಯಲ್ಲಿ ಬಿದಿರು ಕೂತಿತು, ನಡುವೆ ಬೆಂಡು. ತಂಬಾಕು ತುಂಬಿ ಹಚ್ಚಿದರು. ಸಾವಕಾರರು ಎಳೆದರು, ಎಳೆದರು, ಗಲ್ಲ ಒಳಗೆ ಹೋಗಿ ಕಣ್ಣು ಹೊರಗೆ ಬಂದವು. ಹೊಗೆ ಮಾತ್ರ ಬರಲಿಲ್ಲ. "ಇದು ಸೋಸೂದಲ್ಲ, ಪೂರಾ ಉಪವಾಸ" ಅಂದರು. ಆಯಿ ಗೋಣಿಚೀಲ ಹೊಲಿಯುವ ದಬ್ಬಣ ತಂದು ಕೊಟ್ಟಳು. ಬೆಂಡಿಗೆ ಉದ್ದಕ್ಕೆ ತೂತು ಬಿತ್ತು. ಈ ಸಲ ಹೊಗೆ ಬಂತು. ಒಳಗೆ ಕೆಮ್ಮು ಕೇಳುತ್ತದೋ ಅಂತ ಎಲ್ಲರೂ ಕಿವಿಗೊಟ್ಟರು. ಕೇಳಲಿಲ್ಲ.

ಒಂದು ಮಾತು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಬಿದಿರಿನ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಲಿಕ್ಕೆ ಬರುವುದಿಲ್ಲ. ಮುಷ್ಟಿಯಲ್ಲೇ ಹಿಡಿಯಬೇಕು. ಸಾವಕಾರರು ತಮಗೆ ಅರಿವಿಲ್ಲದೆಯೇ ಮುಷ್ಟಿ ಕಟ್ಟಿ ಸೇದುತ್ತಿದ್ದರು. ಮುತ್ಯಾ ಅದನ್ನು ನೋಡಿದ. ನೋಡಿ, ಮೂಲೆಯಲ್ಲಿಟ್ಟಿದ್ದ ಚಿಲುಮಿಯಿಂದ ಛಾಪಿ ಬಿಚ್ಚಿದ, ಮತ್ತೆ ತೋಯಿಸಿದ, ಹಿಂಡಿದ, ಬಿದಿರಿನ ತುದಿಗೆ ಸುತ್ತಿದ.

"ಈಗ ಕೊಡ್ರಿ ಇತ್ತ" ಅಂದ.

ಮುತ್ಯಾ ಕಣ್ಣು ಮುಚ್ಚಿ ಎಳೆದ. ನನ್ನ ಉಸಿರೂ ಅವನ ಜೊತೆಗೇ ಒಳಗೆ ಹೋಗಿ ನಿಂತಿತು. ಬಹಳ ಹೊತ್ತಿನ ಮೇಲೆ ಬಿಟ್ಟ.

"ಹೊಗಿ ಅಲ್ಲ ಇದು. ಹೊಗಿಯ ನೆರಳು."

ಪೈಪನ್ನು ಸಾವಕಾರರ ಕೈಗೆ ಮರಳಿ ಕೊಟ್ಟ.

"ಆದ್ರೂ ಕೂಡಿ ಸೇದಿದ್ವಲ್ಲ. ಅರಿಷಿಣ ಕುಟ್ರಿ" ಅಂದ.

ಹೀಗಾಯಿತು ನೋಡಿರಿ ನನ್ನ ಲಗ್ನ. ಮಲ್ಲ ಅಂದಿನಿಂದ ಒಂದೇ ಕೋಡಣಸಿನ ಮೇಲೆ ತಿರುಗಾಡಿದ. ಇನ್ನೊಂದು ಮಾಡಿಸಿರಿ ಅಂದರೆ ಮುತ್ಯಾ, "ಒಂದ ಹಳಿಯಾಳದಾಗ ಐತಲ್ಲ" ಅನ್ನುತ್ತಿದ್ದ. ಹಳಿಯಾಳದಲ್ಲಿ ನನ್ನ ಮಾವ ಬಂದವರೆದುರು ನನ್ನನ್ನು ತೋರಿಸಿ, "ನಮ್ಮ ಸೊಸಿ ಎತ್ತಿನ ಕೋಡ ತಂದಾಳ, ಹುಷಾರ್ ಇರ್ರಿ" ಅನ್ನುತ್ತಿದ್ದರು. ತವರಿಗೆ ಹೋದಾಗಲೆಲ್ಲ ಒಂದು ಹೊರೆ ಜೋಳದ ದಂಟು ಹೊತ್ತು ಬರುತ್ತಿದ್ದೆ. ಕೂತು ಬೆಂಡು ಕೊಯ್ದು, ದಬ್ಬಣದಿಂದ ತೂತು ಹಾಕಿ, ಡಬ್ಬಿ ತುಂಬಿಸಿಡುತ್ತಿದ್ದೆ. ಯುದ್ಧ ಮುಗಿದ ಮೇಲೆ ವಿಲಾಯತಿಯ ಬಿಳೀ ಸುರುಳಿ ಮತ್ತೆ ಸಿಗತೊಡಗಿದವು. ಯಾರೋ ತಂದುಕೊಟ್ಟರೆ ಮಾವ ಮೂಸಿ ನೋಡಿ, "ಇದರಾಗ ಮೇವಿನ ವಾಸನಿ ಇಲ್ಲ" ಅಂತ ಮರಳಿ ಕೊಟ್ಟುಬಿಟ್ಟರು.

ಮಾವನ ಕಾಲ ಮುಗಿದ ಮೇಲೆ ಕೋಡಣಸನ್ನು ನಾನೇ ತೊಟ್ಟಿಲಲ್ಲಿಟ್ಟು ಅಟ್ಟಕ್ಕೆ ಏರಿಸಿ ಮರೆತಿರಬೇಕು. ಹೋಗಲಿ, ನಾನು ತೊಟ್ಟಿಲಿನ ಮಾತು ಹೇಳುತ್ತಿದ್ದೆ.

ಆ ಕೋಡಣಸನ್ನು ತೊಟ್ಟಿಲಿಗೆ ಕಟ್ಟಬೇಕು, ಕೂಸು ನೋಡಿ ಆಡಲಿ ಅನ್ನಿಸಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹೊರಗೆಲ್ಲ ಮಿಂಚಿತು, ಒಳಗಿನ ಕರಿ ಜಿಡ್ಡು ಮಾತ್ರ ಮಾವನ ಹಟದ ಹಾಗೆ ಕೂತೇ ಇತ್ತು. ಬಿಸಿನೀರು ಹಾಕಿದೆ, ಕಡ್ಡಿ ಹಾಕಿ ಕೆರೆದೆ, ಹೋಗಲಿಲ್ಲ. ಸೊಸೆ, "ಬ್ಯಾಡ ಬಿಡ್ರಿ ಅತ್ತಿ, ಕೂಸು ಬಾಯಾಗ ಇಟಗೊಂಡೀತು" ಅಂದಳು. ಅದೂ ನಿಜ.

ಸೊಸೆ ಜೋಯಿಡಾದ ಕಡೆಯವಳು, ಮನೆಮಾತು ಕೊಂಕಣಿ. ಅವಳ ಅವ್ವ ನಿನ್ನೆ ತೊಟ್ಟಿಲಿಗೆ ಅಂತ ಬಂದಿದ್ದಾರೆ. ಈ ಬೀಗತಿ ಬಹಳ ಸಂಕೋಚದ ಹೆಂಗಸು. ಲಗ್ನವಾಗಿ ಇಷ್ಟು ವರ್ಷವಾಯಿತು, ನಮ್ಮ ಮನೆಯಲ್ಲಿ ಒಂದು ಲೋಟ ನೀರು ಬೇಕಾದರೂ ಕೇಳಿ ತೆಗೆದುಕೊಳ್ಳುವರು. ನಮ್ಮ ಕನ್ನಡಕ್ಕೆ ಅವರು ನಗುವರು, ಅವರ ಕೊಂಕಣಿಗೆ ನಾನು ನಗುವೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಬರ್ರಿ ಅಂತ ಎಷ್ಟು ಸಲ ಕರೆದರೂ ಹೊಸ್ತಿಲ ಮೇಲೇ ನಿಲ್ಲುತ್ತಿದ್ದರು.

ನಾನು ಕೆರೆದು ಕೆರೆದು ಬೇಸತ್ತು ಕೂತಿದ್ದೆ. ಬೀಗತಿ ಹತ್ತಿರ ಬಂದು, "ಹೇಂ ಕಿತೆಂ?" ಅಂದರು, ಇದೇನು ಅಂತ. ತೋರಿಸಿದೆ. ಕೈಗೆ ತೆಗೆದುಕೊಂಡರು. ಒಳಗೆ ಬೆರಳು ತಿರುವಿ ಮೂಸಿ ನೋಡಿ ನಕ್ಕರು. ಆಮೇಲೆ ನನ್ನನ್ನು ಕೇಳಲಿಲ್ಲ, ಹೇಳಲಿಲ್ಲ. ನೇರವಾಗಿ ಒಳಗೆ ನಡೆದು, ಬಾಣಂತಿಗೆ ನೀರು ಕಾಯಿಸುವ ಒಲೆಯ ಮುಂದೆ ಕೂತು, ಕೆಂಡ ಸರಿಸಿ ಕೋಡಣಸನ್ನು ಹುಗಿದಿಟ್ಟರು.

ಮಗ, "ಅಯ್ಯೋ, ಅದನ್ನ ಒಲ್ಯಾಗ ಯಾಕ ಹಾಕಿದ್ರಿ?" ಅಂತ ಓಡಿ ಬಂದ.

"ಚಿಲುಮಿ ಜಿಡ್ಡು ಅದು. ನಮ್ಮ ಬಾಬಾನ ಚಿಲುಮಿ ನಾನೇ ಸುಡುವುದು ಇತ್ತು" ಅಂದರು ಬೀಗತಿ, ತಮ್ಮ ಕನ್ನಡದಲ್ಲಿ. ಅಂದ ಮೇಲೆ ತಾವು ಎಲ್ಲಿ ಕೂತಿದ್ದೇವೆ ಅನ್ನುವುದು ಅರಿವಿಗೆ ಬಂತು. ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಗಾಬರಿಯಿಂದ ನನ್ನ ಕಡೆ ನೋಡಿದರು. "ಕೇಳಲಿಲ್ಲ ನಿಮಗೆ…"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಯಾವುದನ್ನು ಮೊದಲು ಬಿಡಬೇಕು ತಿಳಿಯಲಿಲ್ಲ. ಮಗ ಈ ಸಲ ನನ್ನ ನೆತ್ತಿ ಮುಟ್ಟಿಯೇ ನೋಡಿದ.

"ಸುಡಲಿ ಬಿಡ್ರಿ" ಅಂದೆ. "ಮನಿಯವರು ಕೇಳೂದಿಲ್ಲ."

ತಣ್ಣಗಾದ ಮೇಲೆ ತಿಕ್ಕಿ ತೊಳೆದು ತೊಟ್ಟಿಲಿಗೆ ಎತ್ತರವಾಗಿ ಕಟ್ಟಿದ್ದೇವೆ. ಒಳಗೂ ಹೊರಗೂ ಒಂದೇ ಬಣ್ಣ. ಈಗ ಕೂಸು ಕಣ್ಣು ಬಿಟ್ಟುಕೊಂಡು ಅದನ್ನೇ ನೋಡುತ್ತಿದೆ. ಬೀಗತಿ ಒಂದು ಕಡೆಯಿಂದ ಕೊಂಕಣಿಯಲ್ಲಿ ಜೋಗುಳ ಹೇಳುತ್ತ ತೂಗುತ್ತಿದ್ದಾರೆ. ಇವರು, ಅದೇ ಅರ್ಧ ಮೀಸೆಯವರು, ಈಗ ಪೂರಾ ಬಿಳೀ ಮೀಸೆಯವರು, ಇನ್ನೊಂದು ಕಡೆ ಕೂತು ಕೂಸಿಗೆ ಬೆಂಡಿನ ಗಾಡಿ ಮಾಡುತ್ತೇನೆ ಅಂತ ಜೋಳದ ದಂಟು ಹಿಡಿದಿದ್ದಾರೆ.

ಸಾಕು ಬರೆದದ್ದು. ಅವರ ಹೆಬ್ಬೆರಳಿಗೆ ಅರಿವೆ ಸುತ್ತಬೇಕು.